ಮಲೆನಾಡಿನ ಮನೆಯಲ್ಲಿ ಹಳೇ ಕ್ರಿಕೆಟ್ ಕಾರ್ಡು: ಹುಡುಕುವುದರಿಂದ ಹಿಡಿದು ಮಳೆಗಾಲ ದಾಟಿಸುವವರೆಗೆ

ಹಳೇ ಕ್ರೀಡಾ ಕಾರ್ಡುಗಳನ್ನು ಕೂಡಿಡುವವರಿಗೆ ನಮ್ಮ ಶಿವಮೊಗ್ಗ ಕಡೆ ಒಂದು ಅನುಕೂಲ ಇದೆ, ಒಂದು ತೊಂದರೆಯೂ ಇದೆ. ಅನುಕೂಲ ಅಂದರೆ ಅಟ್ಟ. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳೇ ಮನೆಗಳಲ್ಲಿ ಅಟ್ಟದ ಮೇಲೆ ಒಂದಾದರೂ ಟ್ರಂಕು ಇರುತ್ತದೆ. ಅದರಲ್ಲಿ ಮದುವೆ ಕಾಗದ, ಹಳೇ ಪಠ್ಯಪುಸ್ತಕ, ಯಾರದೋ ಬಾಲ್ಯದ ಸಾಮಾನು ಎಲ್ಲ ಒಟ್ಟಿಗೆ ಸೇರಿರುತ್ತದೆ. ತೊಂದರೆ ಅಂದರೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಕಡೆ ಕಾಗದದ ಚೂರೊಂದು ನಲವತ್ತು ವರ್ಷ ಉಳಿಯಬೇಕಾದರೆ ಯಾರಾದರೂ ಅದರ ಕಾಳಜಿ ಮಾಡಲೇಬೇಕು.

ಆ ಕಾಳಜಿ ಮಾಡುವುದು ಹೇಗೆ ಅನ್ನುವುದೇ ಈ ಬರಹ. ಕಾರ್ಡು ಮಾರಿ ದುಡ್ಡು ಮಾಡುವ ದಾರಿ ಇಲ್ಲಿಲ್ಲ. ಒಂದು ಕಾಲದಲ್ಲಿ ಒಬ್ಬ ಹುಡುಗನ ಜೇಬಿನಲ್ಲಿದ್ದ ಕಾರ್ಡು ಇವತ್ತು ನಿಮ್ಮ ಕೈಗೆ ಬಂದಿದೆ ಅಂದರೆ ಅದರ ಜೊತೆ ಆ ಹುಡುಗನ ಗುರುತೂ ಬಂದಿರುತ್ತದೆ. ಆ ಗುರುತನ್ನು ಓದುವುದರಲ್ಲೇ ಈ ಹವ್ಯಾಸದ ಖುಷಿ ಇದೆ ಅಂತ ನಾನು ನಂಬಿದ್ದೇನೆ.

ಏನನ್ನು ಕೂಡಿಡಬೇಕು ಅಂತ ಮೊದಲು ತೀರ್ಮಾನಿಸಿ

ಕ್ರೀಡಾ ಕಾರ್ಡು ಶುರುವಾದದ್ದು ಸಿಗರೇಟ್ ಪ್ಯಾಕಿನಲ್ಲಿ. ಪ್ಯಾಕು ಮಡಚಿಕೊಳ್ಳದೆ ಗಟ್ಟಿ ಇರಲಿ ಅಂತ ಒಳಗೆ ಒಂದು ರಟ್ಟಿನ ತುಂಡು ಇಡುತ್ತಿದ್ದರು. ಆಮೇಲೆ ಅದರ ಮೇಲೆ ಚಿತ್ರ ಅಚ್ಚು ಹಾಕತೊಡಗಿದರು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಸೆಟ್ ತಂದಿತು, ಡಬ್ಲ್ಯೂ.ಜಿ. ಗ್ರೇಸ್ ಅದರಲ್ಲಿದ್ದಾರೆ. ಜಾನ್ ಪ್ಲೇಯರ್ ಅಂಡ್ ಸನ್ಸ್ ಕಂಪನಿ 1930, 1934, 1938ರಲ್ಲಿ ತಲಾ 50 ಕಾರ್ಡಿನ ಕ್ರಿಕೆಟ್ ಸೆಟ್‌ಗಳನ್ನು ಹಂಚಿತು. ಬ್ರಾಡ್ಮನ್ ಕಾರ್ಡು ಬೇಕು ಅನ್ನುವವರು ಹುಡುಕುವುದು ಇವುಗಳಲ್ಲೇ. ಎರಡನೇ ಮಹಾಯುದ್ಧ ಬಂದು ಕಾಗದಕ್ಕೆ ಬರ ಬಿದ್ದಾಗ ಬ್ರಿಟನ್ನಿನಲ್ಲಿ ಈ ಪದ್ಧತಿ ನಿಂತುಹೋಯಿತು. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡು ಸಿಗರೇಟು ಬಿಟ್ಟು ಬಬಲ್‌ಗಮ್ ಹಿಡಿಯಿತು. ಇಟಲಿಯ ಪಾನಿನಿ ಕಂಪನಿ 1970ರ ಮೆಕ್ಸಿಕೊ ಫುಟ್‌ಬಾಲ್ ವಿಶ್ವಕಪ್‌ಗೆ ಅಂಟಿಸುವ ಚಿತ್ರಗಳ ಆಲ್ಬಮ್ ತಂದಿತು.

ನಮ್ಮಲ್ಲಿ ಈ ಹುಚ್ಚು ಹತ್ತಿದ್ದು 1980ರ ದಶಕದಲ್ಲಿ, ಗೂಡಂಗಡಿಯ ಬಬಲ್‌ಗಮ್ಮಿನಿಂದ. ಬಿಗ್ ಫನ್ ಬಬಲ್‌ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತು. ಅದರಲ್ಲಿ ಓಟವೋ ವಿಕೆಟ್ಟೋ ಇರುತ್ತಿತ್ತು, ಅವನ್ನು ಕೂಡಿಸಿ ಕೊಟ್ಟರೆ ಬಹುಮಾನ. ಆಮೇಲೆ ಟ್ರಂಪ್ ಕಾರ್ಡುಗಳು ಬಂದವು. ಕ್ರಿಕೆಟ್‌ದೂ ಇತ್ತು, ಕುಸ್ತಿಯ ಡಬ್ಲ್ಯೂಡಬ್ಲ್ಯೂಎಫ್‌ದೂ ಇತ್ತು. 1999ರ ವಿಶ್ವಕಪ್ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ತಿನ ಕವರ್ ಕೂಡಿಡದ ಮನೆಯೇ ಇರಲಿಲ್ಲ ಅನ್ನಬಹುದು.

ಇಷ್ಟರಲ್ಲಿ ಎಲ್ಲವನ್ನೂ ಕೂಡಿಡಲು ಹೋದರೆ ಒಂದೂ ಪೂರ್ತಿ ಆಗುವುದಿಲ್ಲ. ಒಂದು ಎಳೆ ಹಿಡಿಯಿರಿ. ಒಂದು ಸೆಟ್ ಪೂರ್ತಿ ಮಾಡುವುದು ಒಂದು ದಾರಿ. ಒಂದು ವರ್ಷವನ್ನು ಹಿಡಿಯುವುದು ಇನ್ನೊಂದು, 1983ರ ವಿಶ್ವಕಪ್ ಗೆದ್ದ ತಂಡದ ಹಾಗೆ. ನನಗೆ ಜಾಸ್ತಿ ಇಷ್ಟವಾದ ದಾರಿ ಮೂರನೆಯದು, ನಮ್ಮ ಊರ ಕಡೆಯ ಎಳೆ. ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರಿಂದ ಶುರುಮಾಡಿ ಚಂದ್ರಶೇಖರ್, ಪ್ರಸನ್ನ, ಕಿರ್ಮಾನಿ, ಬ್ರಿಜೇಶ್ ಪಟೇಲ್, ರೋಜರ್ ಬಿನ್ನಿವರೆಗೆ ಕರ್ನಾಟಕದ ಒಂದು ತಂಡವನ್ನೇ ಕಟ್ಟಬಹುದು. ಎಲ್ಲರದ್ದೂ ಕಾರ್ಡೇ ಸಿಗಬೇಕು ಅಂತಿಲ್ಲ. ಪತ್ರಿಕೆಯ ನಡುಪುಟದ ಚಿತ್ರ, ತಂಡದ ಫೋಟೋ ಇರುವ ಪೋಸ್ಟ್‌ಕಾರ್ಡು, ಜಾಹೀರಾತಿನ ಚೀಟಿ ಎಲ್ಲವೂ ಸೇರಲಿ. 1978ರಿಂದ ಬರುತ್ತಿರುವ ಸ್ಪೋರ್ಟ್‌ಸ್ಟಾರ್ ಪತ್ರಿಕೆಯ ನಡುಪುಟಗಳು ನಮ್ಮ ಕಡೆ ಎಷ್ಟು ಗೋಡೆಗಳ ಮೇಲಿದ್ದವು!

ಎಷ್ಟು ಹಳೆಯದನ್ನು ಹಳೆಯದು ಅನ್ನಬೇಕು? ಅಮೆರಿಕದವರು ಸಾಮಾನ್ಯವಾಗಿ 1980ಕ್ಕೆ ಗೆರೆ ಎಳೆಯುತ್ತಾರೆ. ನಮಗೆ ಆ ಗೆರೆ ಹೊಂದುವುದಿಲ್ಲ. ನಾನು 1990ರ ದಶಕದ ಮಧ್ಯಕ್ಕೆ ಎಳೆಯುತ್ತೇನೆ. ನೀವು ಬೇರೆ ಕಡೆ ಎಳೆಯಿರಿ, ತೊಂದರೆ ಇಲ್ಲ.

ಎಲ್ಲಿ ಹುಡುಕಬೇಕು

ಮೊದಲು ಮನೆ, ಆಮೇಲೆ ನೆಂಟರ ಮನೆ. ಆನ್‌ಲೈನ್ ಎಲ್ಲ ಕೊನೆಗೆ. ಕೇಳುವ ರೀತಿ ಮುಖ್ಯ. "ಹಳೇ ಕ್ರಿಕೆಟ್ ಕಾರ್ಡು ಇದ್ಯಾ?" ಅಂತ ಕೇಳಿದರೆ "ಇಲ್ಲಪ್ಪ" ಅನ್ನುವ ಉತ್ತರ ಬರುತ್ತದೆ, ಏಕೆಂದರೆ ಯಾರಿಗೂ ಅದು ನೆನಪಿರುವುದಿಲ್ಲ. ಅದರ ಬದಲು, "ಅತ್ತೆ, ಮಾವನ ಹೈಸ್ಕೂಲ್ ಪುಸ್ತಕ ಏನಾದ್ರೂ ಅಟ್ಟದ ಮೇಲೆ ಇದ್ಯಾ? ಒಂದ್ಸಲ ನೋಡ್ಲಾ?" ಅಂತ ಕೇಳಿ. "ನೋಡೋ, ಆದ್ರೆ ಎಲ್ಲಾ ಇದ್ದಂಗೇ ವಾಪಸ್ ಇಡು" ಅಂತ ಅತ್ತೆ ಏಣಿ ತೋರಿಸುತ್ತಾರೆ. ಕಾರ್ಡು ಸಿಗುವುದು ಅಟ್ಲಾಸಿನ ನಡುವೆ, ಕಂಪಾಸ್ ಡಬ್ಬಿಯ ತಳದಲ್ಲಿ, ಪುಸ್ತಕಕ್ಕೆ ಹಾಕಿದ ಖಾಕಿ ಬೈಂಡಿನ ಒಳಗೆ. ಬೈಂಡ್ ಬಿಚ್ಚಿ ನೋಡದೆ ಪುಸ್ತಕ ಕೆಳಗಿಡಬೇಡಿ.

ಎರಡನೆಯದು ಗುಜರಿ ಅಂಗಡಿ. ಮನೆ ಖಾಲಿ ಮಾಡುವವರ ಹಳೇ ಪೇಪರೆಲ್ಲ ಅಲ್ಲಿಗೇ ಬರುತ್ತದೆ. ಒಂದು ದಿನ ಹೋಗಿ ಬಂದರೆ ಏನೂ ಸಿಗುವುದಿಲ್ಲ, ಪರಿಚಯ ಬೆಳೆಸಬೇಕು. "ಅಣ್ಣ, ಹಳೇ ಆಲ್ಬಮ್ಮು, ಸ್ಕೂಲ್ ಪುಸ್ತಕ ಬಂದ್ರೆ ತೂಕಕ್ಕೆ ಹಾಕೋ ಮುಂಚೆ ಒಂದು ಫೋನ್ ಮಾಡಿ" ಅಂತ ನಂಬರ್ ಕೊಟ್ಟು ಬನ್ನಿ. ಕರೆದಾಗ ಹೋಗಿ. ಏನೂ ಇಲ್ಲದಿದ್ದರೂ ಒಂದು ಪುಸ್ತಕ ಕೊಂಡು ಬನ್ನಿ, ಮುಂದಿನ ಸಲವೂ ಕರೆಯುತ್ತಾರೆ.

ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಅಂಚೆ ಇಲಾಖೆ ನಡೆಸುವ ಕರ್ನಾಪೆಕ್ಸ್ ಅಂಚೆಚೀಟಿ ಪ್ರದರ್ಶನಕ್ಕೂ ಹೋಗಿ. ಅಲ್ಲಿಗೆ ಬರುವ ವ್ಯಾಪಾರಿಗಳ ಹತ್ತಿರ ಚೀಟಿ, ನಾಣ್ಯದ ಜೊತೆಗೆ ಒಮ್ಮೊಮ್ಮೆ ಇಂಥ ಚಿಲ್ಲರೆ ಕಾಗದವೂ ಇರುತ್ತದೆ. ಬ್ರಿಟನ್ನಿನ ಸಿಗರೇಟ್ ಕಾರ್ಡು ಬೇಕಾದರೆ ಇಬೇ ಅನ್ನುವ ಆನ್‌ಲೈನ್ ಮಾರಾಟದ ತಾಣ ಬಿಟ್ಟರೆ ಸುಲಭದ ದಾರಿ ಇಲ್ಲ. 1930ರ ದಶಕದ ಪ್ಲೇಯರ್ಸ್ ಕಾರ್ಡುಗಳು ಆ ಕಾಲದಲ್ಲಿ ವಿಪರೀತ ಸಂಖ್ಯೆಯಲ್ಲಿ ಅಚ್ಚಾದವು, ಹಾಗಾಗಿ ತೊಂಬತ್ತು ವರ್ಷ ಹಳೆಯದಾದರೂ ಸಾಮಾನ್ಯ ಕಾರ್ಡಿಗೆ ದೊಡ್ಡ ಬೆಲೆ ಇಲ್ಲ. ಬೆಲೆಗಿಂತ ಅಂಚೆ ಖರ್ಚು, ಕಸ್ಟಮ್ಸ್ ಸುಂಕವೇ ಹೆಚ್ಚಾಗಬಹುದು, ಮೊದಲೇ ಲೆಕ್ಕ ಹಾಕಿ.

ಕಾರ್ಡಿನ ವಯಸ್ಸು ಹಿಡಿಯುವುದು

ನಮ್ಮ ದೇಶದ ಗಮ್ ಕಾರ್ಡುಗಳಲ್ಲಿ ವರ್ಷ ಅಚ್ಚಾಗಿರುವುದು ಅಪರೂಪ. ಆದರೆ ಕಾರ್ಡು ತನ್ನ ವಯಸ್ಸನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಈ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಹಿಂಬದಿಯ ಅಂಕಿಸಂಖ್ಯೆ ಓದಿ. ಗವಾಸ್ಕರ್ ಟೆಸ್ಟಿನಲ್ಲಿ 10,000 ಓಟ ಮುಟ್ಟಿದ್ದು 1987ರ ಮಾರ್ಚಿನಲ್ಲಿ, ಅಹಮದಾಬಾದಿನಲ್ಲಿ. ಕಾರ್ಡಿನಲ್ಲಿ ಆ ಸಾಧನೆ ಇದ್ದರೆ ಅದು ಆಮೇಲಿನದು. ಇಲ್ಲದೆ ಒಂಬತ್ತು ಸಾವಿರದ ಚಿಲ್ಲರೆ ಅಂತ ಇದ್ದರೆ ಅದಕ್ಕೆ ಮುಂಚಿನದು ಇರಬಹುದು. ಕಪಿಲ್ ದೇವ್ 432ನೇ ವಿಕೆಟ್ ತೆಗೆದು ರಿಚರ್ಡ್ ಹ್ಯಾಡ್ಲೀ ದಾಖಲೆ ದಾಟಿದ್ದು 1994ರ ಫೆಬ್ರವರಿಯಲ್ಲಿ. ಆಟಗಾರನ ಒಟ್ಟು ಟೆಸ್ಟುಗಳ ಸಂಖ್ಯೆ ಕಾರ್ಡಿನಲ್ಲಿ ಇದ್ದರಂತೂ ಕೆಲಸ ಇನ್ನೂ ಸುಲಭ. ಆ ಸಂಖ್ಯೆಯ ಟೆಸ್ಟು ಯಾವಾಗ ನಡೆಯಿತು ಅಂತ ನೋಡಿದರೆ ಒಂದು ಸೀಸನ್ನಿನ ಒಳಗೆ ಸಿಕ್ಕಿಬಿಡುತ್ತದೆ.

ಆಮೇಲೆ ಊರು ಮತ್ತು ರಾಜ್ಯದ ಹೆಸರು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ರಂದು. ಅಲ್ಲಿಯವರೆಗೆ ರಣಜಿ ತಂಡವೂ ಮೈಸೂರು ತಂಡವೇ. ವಿಶ್ವನಾಥ್ ಚಿತ್ರದ ಕೆಳಗೆ ಮೈಸೂರು ಅಂತ ಇದ್ದರೆ ಒಂದು ಸಲ ಕುರ್ಚಿಯಿಂದ ಎದ್ದು ನಿಲ್ಲಬಹುದು! ಕರ್ನಾಟಕ ಅನ್ನುವ ಹೆಸರಿನಲ್ಲಿ ನಮ್ಮ ತಂಡ ಮೊದಲ ರಣಜಿ ಟ್ರೋಫಿ ಗೆದ್ದದ್ದು 1973-74ರಲ್ಲಿ, ಅಂದರೆ ಹೆಸರು ಬದಲಾದ ಅದೇ ಸೀಸನ್ನಿನಲ್ಲಿ. ಹಾಗೆಯೇ ಬಾಂಬೆ 1995ರಲ್ಲಿ ಮುಂಬೈ ಆಯಿತು, ಮದ್ರಾಸ್ 1996ರಲ್ಲಿ ಚೆನ್ನೈ ಆಯಿತು.

ಕಂಪನಿಯ ವಿಳಾಸವನ್ನೂ ಬಿಡಬೇಡಿ. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಪಿನ್‌ಕೋಡ್ ಇರುವ ಕಾರ್ಡು 1960ರ ದಶಕದ್ದು ಅಂತ ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಬೆಲೆ "ನಯೇ ಪೈಸೆ" ಅಂತ ಇದ್ದರೆ ಅದು 1957ರಿಂದ 1964ರ ನಡುವಿನ ಮಾತು.

ಕೊನೆಗೆ ಬಟ್ಟೆ. ವಿಶ್ವಕಪ್ಪಿನಲ್ಲಿ ಬಣ್ಣದ ಬಟ್ಟೆ ಬಂದದ್ದು 1992ರಲ್ಲಿ. ಆದರೆ ಇದೊಂದನ್ನೇ ನಂಬಬೇಡಿ, ಆಸ್ಟ್ರೇಲಿಯಾದಲ್ಲಿ ಅದಕ್ಕೂ ಮುಂಚೆಯೇ ನಮ್ಮವರು ಬಣ್ಣದ ಬಟ್ಟೆಯಲ್ಲಿ ಆಡಿದ್ದರು, 1985ರಲ್ಲಿ ಅಲ್ಲಿ ಕಪ್ಪನ್ನೂ ಗೆದ್ದರು. ಎರಡು ಮೂರು ಸಾಕ್ಷಿ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ವರ್ಷ ಬರೆದುಕೊಳ್ಳಿ.

ಸ್ಥಿತಿ ನೋಡುವುದು

ಒಂದು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಕೊಂಡುಕೊಳ್ಳಿ. ಚಿನ್ನದಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ. ಕೈ ತೊಳೆದು ಪೂರ್ತಿ ಒರೆಸಿಕೊಂಡು ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ.

ನಾಲ್ಕು ವಿಷಯ ನೋಡಬೇಕು. ಮೂಲೆಗಳು ಚೂಪಾಗಿವೆಯಾ, ಸವೆದು ದುಂಡಾಗಿವೆಯಾ. ಅಂಚಿನಲ್ಲಿ ಬಣ್ಣ ಕಿತ್ತು ಒಳಗಿನ ಬಿಳಿ ಕಾಣುತ್ತಿದೆಯಾ. ಮೇಲ್ಮೈಯಲ್ಲಿ ಗೀರು, ಮಡಿಕೆ, ಕಲೆ ಇದೆಯಾ. ಚಿತ್ರ ನಡುವೆ ಕೂತಿದೆಯಾ, ಒಂದು ಪಕ್ಕಕ್ಕೆ ಸರಿದಿದೆಯಾ. ಮಡಿಕೆ ಬರಿಗಣ್ಣಿಗೆ ಕಾಣದಿದ್ದರೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ಆಚೀಚೆ ಮಾಡಿ, ಗೆರೆ ಮಿಂಚುತ್ತದೆ. ಅಮೆರಿಕದ ಪಿಎಸ್‌ಎ ಅನ್ನುವ ಸಂಸ್ಥೆ 1991ರಿಂದ ಇದೇ ನಾಲ್ಕನ್ನು ನೋಡಿ 1ರಿಂದ 10ರವರೆಗೆ ಅಂಕ ಕೊಟ್ಟು ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತದೆ. ದೊಡ್ಡ ಬೆಲೆಗೆ ಮಾರುವವರಿಗೆ ಅದು ಬೇಕು. ಪ್ರೀತಿಗೆ ಕೂಡಿಡುವವರಿಗೆ ಬೇಡ ಅಂತ ನನ್ನ ಅಭಿಪ್ರಾಯ. ಗಮ್ ಕಾರ್ಡನ್ನು ಅಮೆರಿಕಕ್ಕೆ ಕಳಿಸುವ ದುಡ್ಡಿನಲ್ಲಿ ಒಳ್ಳೆಯ ಆಲ್ಬಮ್ ಬರುತ್ತದೆ.

ಅಂಕ ಕೊಡುವವರು ಕುಂದು ಅನ್ನುವುದನ್ನು ನಾನು ಕುಂದು ಅನ್ನುವುದಿಲ್ಲ. ನನ್ನ ಹತ್ತಿರ ಒಂದು ಕಪಿಲ್ ದೇವ್ ಕಾರ್ಡಿದೆ. ಮೇಲ್ಗಡೆ ಎರಡು ಮೂಲೆಗಳಲ್ಲಿ ಗುಂಡುಪಿನ್ನಿನ ತೂತು, ತೂತಿನ ಸುತ್ತ ತುಕ್ಕಿನ ಕಂದು ಉಂಗುರ. ಅಂದರೆ ಅದು ಗೋಡೆಯ ಮೇಲಿತ್ತು, ಕನಿಷ್ಠ ಒಂದು ಮಳೆಗಾಲವಾದರೂ ಅಲ್ಲೇ ಕಳೆದಿತ್ತು. ಕೆಳಗಿನ ಬಲಮೂಲೆ ಹತ್ತಿಯ ಹಾಗೆ ಮೆತ್ತಗಾಗಿದೆ, ಅಲ್ಲೇ ಹಿಡಿದು ಹಿಡಿದು. ತಿರುಗಿಸಿದರೆ ಪೆನ್ಸಿಲ್ಲಿನ ದುಂಡು ಅಕ್ಷರದಲ್ಲಿ "ಇದು ನಂದು. ಯಾರಿಗೂ ಕೊಡಲ್ಲ" ಅಂತ ಬರೆದಿದೆ. "ಕೊಡಲ್ಲ" ಅನ್ನುವುದರ ಕೆಳಗೆ ಎರಡು ಗೆರೆ. ಎರಡನೇ ಗೆರೆ ಎಷ್ಟು ಒತ್ತಿ ಎಳೆದಿದ್ದಾನೆ ಅಂದರೆ ಮುಂಭಾಗದಲ್ಲಿ ಕಪಿಲರ ಮಂಡಿಯ ಹತ್ತಿರ ಅದರ ಉಬ್ಬು ಬೆರಳಿಗೆ ಸಿಗುತ್ತದೆ. ಪೇಟೆಯ ಲೆಕ್ಕದಲ್ಲಿ ಈ ಕಾರ್ಡಿಗೆ ಬೆಲೆಯೇ ಇಲ್ಲ. ನನ್ನ ಆಲ್ಬಮ್ಮಿನಲ್ಲಿ ಅದಕ್ಕೆ ಮೊದಲ ಪುಟ.

ಹಾಗಾಗಿ ರಬ್ಬರ್ ಹಿಡಿದು ಪೆನ್ಸಿಲ್ ಗುರುತು ಅಳಿಸಬೇಡಿ. ಮೂಲೆ ಕತ್ತರಿಸಿ ನೇರ ಮಾಡಬೇಡಿ. ಬಣ್ಣ ಹೋದ ಕಡೆ ಸ್ಕೆಚ್ ಪೆನ್ನು ಹಚ್ಚಬೇಡಿ.

ನಕಲಿಯನ್ನು ಗುರುತಿಸುವುದು

ದೊಡ್ಡ ಬೆಲೆಯ ಕಾರ್ಡಿಗೆ ನಕಲಿ ಇದ್ದೇ ಇರುತ್ತದೆ. 1909ರಿಂದ 1911ರ ನಡುವೆ ಬಂದ ಹೋನಸ್ ವ್ಯಾಗ್ನರ್ ಅನ್ನುವ ಬೇಸ್‌ಬಾಲ್ ಆಟಗಾರನ ಸಿಗರೇಟ್ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಅದೇ ವರ್ಷ 1952ರ ಟಾಪ್ಸ್ ಕಂಪನಿಯ ಮಿಕ್ಕಿ ಮ್ಯಾಂಟಲ್ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆ 1952ರ ಸೆಟ್ ರೂಪಿಸಿದ ಸೈ ಬರ್ಗರ್ ಒಂದು ಮಾತು ಹೇಳುತ್ತಿದ್ದರು: ಮಾರಾಟವಾಗದೆ ಉಳಿದ ಕಾರ್ಡಿನ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಅಂತ. ನಮ್ಮ ಕಡೆ ಸಮುದ್ರದ ಅಗತ್ಯ ಬೀಳಲಿಲ್ಲ, ಬಚ್ಚಲ ಒಲೆ ಇತ್ತು.

ಪರೀಕ್ಷೆ ಮಾಡುವುದು ಹೀಗೆ. ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಿ. ಹಳೇ ಮುದ್ರಣದಲ್ಲಿ ಕಪ್ಪು ಅಕ್ಷರ, ಗೆರೆಗಳು ಒಂದೇ ಕಪ್ಪು ಶಾಯಿಯಲ್ಲಿ ತುಂಬಿಕೊಂಡು ಅಂಚು ಸ್ಪಷ್ಟವಾಗಿರುತ್ತವೆ. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಇದೊಂದರಲ್ಲೇ ಬಹಳಷ್ಟು ನಕಲಿ ಸಿಕ್ಕಿಬೀಳುತ್ತವೆ. ಎರಡನೆಯದು, ನೋಟು ಪರೀಕ್ಷೆ ಮಾಡುವ ನೇರಳೆ ದೀಪ. ಕಾಗದವನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕ ಬಳಕೆಗೆ ಬಂದದ್ದು 1940ರ ದಶಕದ ಕೊನೆ, 1950ರ ದಶಕದ ಹೊತ್ತಿಗೆ. 1938ರ ಕಾರ್ಡು ಅಂತ ಕೊಟ್ಟದ್ದು ಆ ದೀಪದ ಕೆಳಗೆ ಒಗೆದ ಬಿಳಿ ಅಂಗಿಯಂತೆ ನೀಲಿಯಾಗಿ ಹೊಳೆದರೆ ಅದು 1938ರದಲ್ಲ. ಮೂರನೆಯದು ಅಳತೆ. ಬ್ರಿಟನ್ನಿನ ಮಾಮೂಲಿ ಸಿಗರೇಟ್ ಕಾರ್ಡು ಸುಮಾರು 36 ಮಿ.ಮೀ. ಅಗಲ, 68 ಮಿ.ಮೀ. ಉದ್ದ. ಅದಕ್ಕಿಂತ ಚಿಕ್ಕದಾಗಿದ್ದರೆ ಯಾರೋ ಅಂಚು ಕತ್ತರಿಸಿದ್ದಾರೆ ಅಂತ ಅರ್ಥ.

ನಮ್ಮ ಗಮ್ ಕಾರ್ಡುಗಳಿಗೆ ಅಷ್ಟು ಹೆದರಬೇಕಿಲ್ಲ. ಮುದ್ರಣ ಮೊದಲೇ ಮಸುಕು, ಬಣ್ಣ ಆಚೀಚೆ ಸರಿದಿರುವುದು ಸಾಮಾನ್ಯ. ಅನುಮಾನ ಬರಬೇಕಾದದ್ದು ತುಂಬಾ ಚೆನ್ನಾಗಿದ್ದರೆ.

ಮಳೆಗಾಲ ದಾಟಿಸುವುದು

ಇದು ಎಲ್ಲಕ್ಕಿಂತ ಮುಖ್ಯ ಭಾಗ. ಹೊರದೇಶದ ಸಲಹೆಗಳು ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಅವರಿಗೆ ಆರಿದ್ರಾ, ಪುನರ್ವಸು ಮಳೆಯ ಪರಿಚಯ ಇಲ್ಲ.

ಮೊದಲು ಏನು ಮಾಡಬಾರದು ಅಂತ ಹೇಳಿಬಿಡುತ್ತೇನೆ. ಲ್ಯಾಮಿನೇಷನ್ ಮಾಡಿಸಬೇಡಿ. ಮಾರ್ಕ್ಸ್ ಕಾರ್ಡು ಮಾಡಿಸಿದ ಅಭ್ಯಾಸದಲ್ಲಿ ಇದನ್ನೂ ಮಾಡಿಸೋಣ ಅನ್ನಿಸುತ್ತದೆ. ಬಿಸಿಗೆ ಕರಗಿದ ಅಂಟು ಕಾಗದದ ಒಳಗೆ ಇಳಿಯುತ್ತದೆ, ಆಮೇಲೆ ಅದನ್ನು ಬಿಡಿಸಲು ಆಗುವುದೇ ಇಲ್ಲ. ಮೈದಾ ಅಂಟಿನಲ್ಲಿ ಪುಸ್ತಕಕ್ಕೆ ಅಂಟಿಸಬೇಡಿ. ಬೆಳ್ಳಿಹುಳಕ್ಕೂ ಜಿರಳೆಗೂ ಅದು ಊಟ. ಸೆಲ್ಲೊಟೇಪು ಹಚ್ಚಬೇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಅಂಟಿಕೊಳ್ಳುತ್ತದೆ. ನುಸಿಗುಳಿಗೆ, ಕರ್ಪೂರ ಪ್ಲಾಸ್ಟಿಕ್ಕಿನ ಜೊತೆ ಇಡಬೇಡಿ, ಅವುಗಳ ಹಬೆಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಹಿಂದೆ ಕೆಲವು ಮನೆಗಳಲ್ಲಿ ಕಾಗದಪತ್ರವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆಗೆ ಹುಳು ಬರುವುದಿಲ್ಲ, ನಿಜ. ಆದರೆ ಮಸಿ ಹಿಡಿದು ಕಾಗದ ಕಂದಾಗಿ ಮುರುಕಲಾಗುತ್ತದೆ. ಕಾರ್ಡಿಗೆ ಅದು ಬೇಡ.

ಇನ್ನು ಮಾಡಬೇಕಾದದ್ದು. ಪ್ರತಿ ಕಾರ್ಡಿಗೂ ಒಂದು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಹಾಕಿ. ಪಿವಿಸಿ ಬೇಡವೇ ಬೇಡ. ಹೊಸ ರೈನ್‌ಕೋಟಿನಂಥ ವಾಸನೆ ಬರುವ ಮೆತ್ತನೆ ಕವರ್ ಕಂಡರೆ ಅದು ಪಿವಿಸಿ ಅಂತ ತಿಳಿಯಿರಿ. ಕೆಲವು ವರ್ಷದಲ್ಲಿ ಅದು ಜಿಡ್ಡು ಬಿಟ್ಟು ಶಾಯಿಯನ್ನು ಎಳೆದುಕೊಳ್ಳುತ್ತದೆ. ಈಗಿನ ಕಾರ್ಡುಗಳಿಗೆ ಮಾಡಿದ ಒಂಬತ್ತು ಜೇಬಿನ ಆಲ್ಬಮ್ ಹಾಳೆ ಆನ್‌ಲೈನಿನಲ್ಲಿ ಸಿಗುತ್ತದೆ. ನಮ್ಮ ಗಮ್ ಕಾರ್ಡಿಗೆ ಅದು ದೊಡ್ಡದಾಗಬಹುದು, ಆಗ ಕಾರ್ಡು ಒಳಗೆ ಓಡಾಡಿ ಮೂಲೆ ಸವೆಯುತ್ತದೆ. ಅಂಥವನ್ನು ಮೊದಲು ಸಣ್ಣ ಕವರಿಗೆ ಹಾಕಿ ಆಮೇಲೆ ಜೇಬಿಗೆ ಹಾಕಿ.

ಆಲ್ಬಮ್ಮನ್ನು ರಬ್ಬರ್ ಸುತ್ತು ಇರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ಒಂದು ಪುಟ್ಟ ತೇವಮಾಪಕ. ತೇವ ಶೇಕಡಾ 45ರಿಂದ 55ರ ನಡುವೆ ಇರಲಿ. 65 ದಾಟಿದರೆ ಬೂಷ್ಟು ಬರುವ ಸಾಧ್ಯತೆ ಶುರುವಾಗುತ್ತದೆ. 35ರ ಕೆಳಗೆ ಹೋದರೆ ಕಾರ್ಡು ಬಾಗುತ್ತದೆ, ಹಾಗಾಗಿ ಪೊಟ್ಟಣ ಸುಮ್ನೆ ತುಂಬಿಸಬೇಡಿ. ಬಣ್ಣ ಬದಲಾಯಿಸುವ ಕಿತ್ತಳೆ ಜೆಲ್ ತೆಗೆದುಕೊಳ್ಳಿ, ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ತೇವ ಕುಡಿದ ಜೆಲ್ಲನ್ನು 110ರಿಂದ 120 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿದರೆ ಮತ್ತೆ ಬಳಸಬಹುದು. ಅಡುಗೆಗೆ ಬಳಸುವ ಪಾತ್ರೆ ಮಾತ್ರ ಬೇಡ.

ಡಬ್ಬಿ ಮುಚ್ಚುವ ದಿನ ಬಹಳ ಮುಖ್ಯ. ಗಾಳಿಯಾಡದ ಡಬ್ಬಿಯನ್ನು ಜುಲೈಯಲ್ಲಿ ಮುಚ್ಚಿದರೆ ಜುಲೈ ಗಾಳಿಯೇ ಒಳಗೆ ಉಳಿಯುತ್ತದೆ. ಶಿವರಾತ್ರಿಯ ಆಸುಪಾಸಿನ ಒಣ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ಎಲ್ಲ ಹೊರಗೆ ತೆಗೆಯಿರಿ. ನೇರ ಬಿಸಿಲು ಬೀಳದ, ಗಾಳಿ ಆಡುವ ಕೋಣೆಯಲ್ಲಿ ಅರ್ಧ ದಿನ ಹರಡಿಡಿ. ಒಂದೊಂದನ್ನೂ ನೋಡಿ, ಒಣಗಿಸಿದ ಜೆಲ್ ಹಾಕಿ ಮುಚ್ಚಿ. ಮಳೆಗಾಲದಲ್ಲಿ ತೇವಮಾಪಕ ಹೊರಗಿನಿಂದಲೇ ಕಾಣುವಂತೆ ಪಾರದರ್ಶಕ ಡಬ್ಬಿ ಇದ್ದರೆ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಆ ತಿಂಗಳುಗಳಲ್ಲಿ ಕಾರ್ಡು ನೋಡುವ ಆಸೆ ಆಗುತ್ತದೆ, ಗೊತ್ತು. ಫೋಟೋ ತೆಗೆದಿಟ್ಟುಕೊಂಡಿದ್ದರೆ ಅವನ್ನು ನೋಡಿ. ದೀಪಾವಳಿ ಕಳೆದ ಮೇಲೆ ಮತ್ತೆ ತೆಗೆಯಿರಿ.

ಡಬ್ಬಿ ಇಡುವ ಜಾಗ ಹೊರಗೋಡೆಗೆ ತಾಗಬಾರದು, ನೆಲಕ್ಕೂ ತಾಗಬಾರದು. ಮಣ್ಣಿನ ಗೋಡೆಯಾದರಂತೂ ಒಂದು ಮೊಳ ದೂರ ಇರಲಿ, ಗೆದ್ದಲು ಗೋಡೆಯ ದಾರಿಯಲ್ಲೇ ಬರುತ್ತದೆ. ಮನೆಯ ನಡುಕೋಣೆಯ ಮರದ ಕಪಾಟು ಒಳ್ಳೆಯದು. ಶಿವಮೊಗ್ಗ ಪೇಟೆಯಲ್ಲಿ ಇರುವವರಿಗೆ ತೀರ್ಥಹಳ್ಳಿಯಷ್ಟು ಕಷ್ಟ ಇಲ್ಲ, ಆದರೂ ತುಂಗೆ ತುಂಬಿ ಹರಿಯುವ ವಾರಗಳಲ್ಲಿ ತೇವಮಾಪಕ ನೋಡುವುದು ಬಿಡಬೇಡಿ.

ಬೂಷ್ಟು ಬಂದೇಬಿಟ್ಟರೆ? ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಲೆ ಒಳಗಿಳಿಯುತ್ತದೆ. ಆ ಕಾರ್ಡನ್ನು ಉಳಿದವುಗಳಿಂದ ಬೇರೆ ಮಾಡಿ, ನಿಧಾನಕ್ಕೆ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಬೂಷ್ಟು ಪುಡಿಯಾದ ಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಜಗಲಿಯ ಹೊರಗೆ ನಿಂತು ಮೆತ್ತನೆ ಬಣ್ಣದ ಬ್ರಷ್ಷಿನಿಂದ ಹಗುರಾಗಿ ಒಂದೇ ದಿಕ್ಕಿಗೆ ಗುಡಿಸಿ. ಹಳೇ ಕಂದು ಚುಕ್ಕೆಗಳು ಹಾಗೇ ಇರಲಿ. ಹುಳು ಕಂಡರೆ ಕಾರ್ಡನ್ನು ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣನೆ ಕಾರ್ಡಿನ ಮೇಲೆ ನೀರು ಹನಿಗಟ್ಟುತ್ತದೆ.

1930ರ ದಶಕದ ಪ್ಲೇಯರ್ಸ್ ಸೆಟ್ ಕೊಂಡವರಿಗೆ ಒಂದು ಎಚ್ಚರಿಕೆ. ಆ ಕಾಲದ ಕೆಲವು ಸೆಟ್‌ಗಳ ಹಿಂಬದಿಗೆ ಅಂಟು ಸವರಿರುತ್ತಿದ್ದರು, ನೀರು ಮುಟ್ಟಿಸಿ ಆಲ್ಬಮ್ಮಿಗೆ ಅಂಟಿಸಲಿ ಅಂತ. ಮಲೆನಾಡಿನ ತೇವಕ್ಕೆ ಅವು ಒಂದಕ್ಕೊಂದು ತಾವಾಗಿಯೇ ಅಂಟಿಕೊಳ್ಳುತ್ತವೆ. ಒಂದು ದಿನವೂ ಒಂದರ ಮೇಲೊಂದು ಬರಿದಾಗಿ ಇಡಬೇಡಿ. ಮೊದಲೇ ಆಲ್ಬಮ್ಮಿಗೆ ಅಂಟಿರುವ ಕಾರ್ಡು ಸಿಕ್ಕರೆ ಕೀಳಬೇಡಿ, ಆಲ್ಬಮ್ಮನ್ನೇ ಇಟ್ಟುಕೊಳ್ಳಿ.

ಬರೆದಿಡುವುದು

ಒಂದು ನೋಟ್‌ಬುಕ್ ಸಾಕು. ಕಾರ್ಡಿನ ಹೆಸರು, ಅಂದಾಜು ವರ್ಷ ಮತ್ತು ಆ ವರ್ಷಕ್ಕೆ ಸಾಕ್ಷಿ ಏನು, ಎಲ್ಲಿ ಸಿಕ್ಕಿತು, ಏನು ಕೊಟ್ಟಿರಿ. ಇವುಗಳಿಗಿಂತ ಮುಖ್ಯವಾದದ್ದು, ಕೊಟ್ಟವರು ಹೇಳಿದ ಮಾತು. "ಇದು ನಮ್ಮಣ್ಣಂದು, ಅವ್ನಿಗೆ ಶ್ರೀಕಾಂತ್ ಅಂದ್ರೆ ಪ್ರಾಣ" ಅಂತ ಯಾರಾದರೂ ಹೇಳಿದರೆ ಅವತ್ತೇ ಬರೆದುಕೊಳ್ಳಿ, ಅವರ ಮಾತಿನಲ್ಲೇ. ಎರಡೂ ಬದಿಯ ಫೋಟೋ ತೆಗೆದು ಫೋನಿನಲ್ಲಿ ಅಲ್ಲದೆ ಇನ್ನೊಂದು ಕಡೆಯೂ ಇಡಿ. ಕಾರ್ಡಿನ ಮೇಲೆ ಮಾತ್ರ ನೀವೇನೂ ಬರೆಯಬೇಡಿ.

ಅದಲು ಬದಲು

ಕೈಲಿ ಎರಡೆರಡು ಇರುವ ಕಾರ್ಡೇ ನಿಮ್ಮ ಬಂಡವಾಳ. ಶಾಲೆಯಲ್ಲಿ ಮಾಡುತ್ತಿದ್ದ ಹಾಗೇ, ನಿಮಗೆ ಇಲ್ಲದ್ದು ಅವರ ಹತ್ತಿರ, ಅವರಿಗೆ ಇಲ್ಲದ್ದು ನಿಮ್ಮ ಹತ್ತಿರ. ಬೆಲೆ ಸಮ ಇರಲೇಬೇಕು ಅಂತ ಹಟ ಬೇಡ. ಕಿರ್ಮಾನಿ ಚಿತ್ರ ಒಂದಕ್ಕೆ ಎರಡು ಬೇರೆ ಕಾರ್ಡು ಕೊಟ್ಟರೂ ನನಗೆ ನಷ್ಟ ಅನ್ನಿಸುವುದಿಲ್ಲ. ಕೊಡುವ ಮುಂಚೆ ಕಾರ್ಡಿನ ಕುಂದೆಲ್ಲ ಹೇಳಿ, ಎರಡೂ ಬದಿಯ ಫೋಟೋ ಕಳಿಸಿ. ಹೀಗೆ ಮಾಡಿದರೆ ಒಂದು ವಿನಿಮಯದಿಂದ ಶುರುವಾದ ಪರಿಚಯ ವರ್ಷಗಟ್ಟಲೆ ಉಳಿಯುತ್ತದೆ, ಹಬ್ಬಕ್ಕೆ ಫೋನು ಮಾಡುವಷ್ಟು ಹತ್ತಿರ ಆಗುತ್ತದೆ.

ಮಕ್ಕಳು ಆಸೆಯಿಂದ ನೋಡಿದರೆ ಎರಡು ಇರುವುದರಲ್ಲಿ ಒಂದನ್ನು ಕೊಟ್ಟುಬಿಡಿ. ಹಿಂದೆ ಹೆಸರು ಬರೆದುಕೊಂಡರೂ ಬಯ್ಯಬೇಡಿ.

ಅಂಚೆಯಲ್ಲಿ ಕಳಿಸುವಾಗ ಕಾರ್ಡನ್ನು ಕವರಿಗೆ ಹಾಕಿ, ಅದಕ್ಕಿಂತ ಒಂದು ಬೆರಳು ದೊಡ್ಡದಾದ ಎರಡು ರಟ್ಟಿನ ನಡುವೆ ಇಡಿ. ಟೇಪನ್ನು ರಟ್ಟಿಗೆ ಮಾತ್ರ ಹಚ್ಚಿ, ಕವರಿಗೆ ತಾಗದಂತೆ. ಟೇಪಿನ ತುದಿಯನ್ನು ಸ್ವಲ್ಪ ಒಳಕ್ಕೆ ಮಡಚಿ, ಬಿಚ್ಚುವವರು ಕತ್ತರಿ ಹಿಡಿಯದೆ ಎಳೆದರೆ ಸಾಕು. ಇಡೀ ಕಟ್ಟನ್ನು ಜಿಪ್ ಕವರಿನಲ್ಲಿ ಮುಚ್ಚಿ ಆಮೇಲೆ ಲಕೋಟೆಗೆ ಹಾಕಿ ಸ್ಪೀಡ್ ಪೋಸ್ಟ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಧ್ಯವಾದರೆ ಕಳಿಸಲೇಬೇಡಿ. ಘಟ್ಟದ ಮೇಲಿನ ಊರುಗಳಿಗೆ ಅಂಚೆ ಚೀಲ ಹೋಗುವುದೂ ಅದೇ ಮಳೆಯಲ್ಲಿ. ಎದುರಿನವರಿಗೆ ವಿಷಯ ಹೇಳಿ, ಅವರ ಹೆಸರು ಬರೆದು ಎತ್ತಿಡಿ, ನವರಾತ್ರಿ ಕಳೆದ ಮೇಲೆ ಕಳಿಸಿ.